ಯುಗಾದಿಗೆ ಮುಂಚೆ ನೋಡಿ, ಆಮೇಲೆ ಸಿಗಲ್ಲ!

ಕಡೂರು: ಶಿವರಾತ್ರಿ ಮುಗಿದು ಯುಗಾದಿ ಹತ್ತಿರ ಬಂತೆಂದರೆ ಕಡೂರು, ಅಜ್ಜಂಪುರ, ತರೀಕೆರೆ ಬಯಲಲ್ಲಿ ಒಂದು ದೊಡ್ಡ ಗುಳೆ ಶುರು. ಈ ಗುಳೆಗೆ ಗಂಟುಮೂಟೆ ಇಲ್ಲ, ಟಿಕೆಟ್ ಇಲ್ಲ. ಚಳಿಗಾಲ ಕಳೆಯಲು ಬಂದಿದ್ದ ಪರದೇಶದ ಹಕ್ಕಿಗಳು ವಾಪಸು ಹೊರಡುತ್ತವೆ. ಏಪ್ರಿಲ್ ಮುಗಿಯುವಷ್ಟರಲ್ಲಿ ಮನೆ ಖಾಲಿ.

ಬೆಳಗಿನ ಬಸ್ಸಿನಲ್ಲಿ ಕಿಟಕಿ ಪಕ್ಕ ಸೀಟು ಸಿಕ್ಕಿದವರು ಸ್ವಲ್ಪ ಕಣ್ಣು ಬಿಟ್ಟರೆ ಸಾಕು. ಉತ್ತ ಹೊಲದಲ್ಲಿ ಮಣ್ಣಿನ ಹೆಂಟೆಗಳೇ ಎದ್ದು ಹಾರಿದಂತೆ ಕಂಡರೆ ಅದು ಗಿಡ್ಡ ಬೆರಳಿನ ನೆಲಗುಬ್ಬಿಗಳ ಹಿಂಡು. ಜಾಲಿ ಮರದ ಮೇಲೆ ಕಪ್ಪು ತಲೆ, ಗುಲಾಬಿ ಮೈಯ ಹಕ್ಕಿಗಳು ಸಂತೆ ನೆರೆಸಿದ್ದರೆ ಅವು ಗುಲಾಬಿ ಮೈನಾ. ಕೆರೆಯಂಗಳದಲ್ಲಿ ದನದ ಕಾಲ ಬಳಿ ಬಾಲ ಕುಣಿಸುತ್ತಾ ಓಡಾಡುವುದು ಹಳದಿ ಸಿಪಿಲೆ. ದನ ಕಾಲಿಟ್ಟಲ್ಲಿ ಹುಳ ಏಳುತ್ತೆ, ಸಿಪಿಲೆ ಹಿಡಿಯುತ್ತೆ. ತೂಕ 17 ಗ್ರಾಂ ಆಸುಪಾಸು, ಹೋಗಬೇಕಾದ್ದು ಹಿಮಾಲಯದಾಚೆ! ಚಳಿಗಾಲದಲ್ಲಿ ಮಾಸಲಾಗಿದ್ದ ಗಂಡು ಸಿಪಿಲೆ ಈಗ ಹಬ್ಬದ ಬಟ್ಟೆ ತೊಟ್ಟಂತೆ ಅಚ್ಚ ಹಳದಿ.

ಹಾಡೋದು ಮಾತ್ರ ಬಹುಪಾಲು ನಮ್ಮೂರಿನವೇ. ರೆಕ್ಕೆ ಬಡಿಯುತ್ತಾ ಮೇಲೇರಿ, ಹಾಡಿ, ಪ್ಯಾರಾಚೂಟಿನಂತೆ ಇಳಿಯುವುದು ಇಲ್ಲೇ ಗೂಡು ಕಟ್ಟುವ ನೆಲಗುಬ್ಬಿ. ನೆಂಟರ ಪೂರ್ತಿ ಕಛೇರಿ ಅವರ ಊರಲ್ಲೇ.

ಊಟ ಎಲ್ಲಿ?

ಅಷ್ಟು ದೂರ ಹಾರಲು ಮೈಯಲ್ಲಿ ಕೊಬ್ಬು ಬೇಕು. ಅದನ್ನು ಕೂಡಿಹಾಕಿಕೊಳ್ಳುವುದು ಈ ಬಯಲಲ್ಲೇ, ಅದರಲ್ಲೂ ಹುಲ್ಲುಗಾವಲಿನಲ್ಲಿ. ಇಲ್ಲಿನ ಕಾವಲುಗಳು ಮೈಸೂರು ಅರಸರ ಕಾಲದವು. ಚಿಕ್ಕದೇವರಾಜ ಒಡೆಯರ ಬೆಣ್ಣೆ ಚಾವಡಿಗೆ ಅಮೃತಮಹಲ್ ಎಂದು ಹೆಸರಿಟ್ಟವನು ಟಿಪ್ಪು. ಬೇಸಿಗೆಗೊಂದು, ಮಳೆಗೊಂದು, ಚಳಿಗೊಂದು ಎಂದು ಕಾವಲು ಗೊತ್ತುಮಾಡಿ ದನ ಮೇಯಿಸುತ್ತಿದ್ದರು. ಒಂದು ಕಡೆ ಮೇಯುವಾಗ ಇನ್ನೊಂದು ಕಡೆ ಹುಲ್ಲು ಚಿಗುರುತ್ತಿತ್ತು. ದನಕ್ಕೆ ಮಾಡಿದ ಲೆಕ್ಕ ಹಕ್ಕಿಗೂ ಅನ್ನ ಹಾಕಿತು. ಅಜ್ಜಂಪುರದಲ್ಲಿ ಆ ತಳಿಯ ಸಂವರ್ಧನಾ ಕೇಂದ್ರ ಈಗಲೂ ಇದೆ.

ಕಾವಲು ಎಲ್ಲಿ?

ಒಂದು ಕಾಲಕ್ಕೆ 4 ಲಕ್ಷ ಎಕರೆ ಮೀರಿದ್ದ ಅಮೃತಮಹಲ್ ಕಾವಲುಗಳಲ್ಲಿ ಇಂದು ಕಾಲು ಭಾಗವೂ ಉಳಿದಿಲ್ಲ. ಒಂದಿಷ್ಟು ಮಂಜೂರಾಯಿತು, ಒಂದಿಷ್ಟು ಒತ್ತುವರಿಯಾಯಿತು. ಉಳಿದದ್ದರಲ್ಲೂ ಕೆಲವು ಕಡೆ 'ಪಾಳು ಬಿದ್ದಿದೆ' ಎಂದು ನೀಲಗಿರಿ ನೆಟ್ಟರು. ಮರ ನೆಟ್ಟರೆ ಪುಣ್ಯ, ಸರಿ. ಆದರೆ ನೆಲದ ಮೇಲೆ ಬದುಕುವ ಹಕ್ಕಿಗೆ ಮರದ ಸಾಲು ಅಂದರೆ ಬಾಗಿಲು ಹಾಕಿದ ಹೋಟೆಲು.

ಸಮಾಧಾನ ಒಂದುಂಟು. ಕಡೂರು ತಾಲ್ಲೂಕಿನ ಬಾಸೂರು ಕಾವಲು 2011ರಲ್ಲಿ ಸಂರಕ್ಷಣಾ ಮೀಸಲಾಯಿತು. ಮುಖ್ಯವಾಗಿ ಕೃಷ್ಣಮೃಗಕ್ಕಾಗಿ. ವಿಸ್ತೀರ್ಣ ಏಳು ಚದರ ಕಿಲೋಮೀಟರಿಗೆ ತುಸು ಹೆಚ್ಚು. ಜಿಂಕೆ ನೆಪದಲ್ಲಿ ನೆಲಗುಬ್ಬಿಯೂ ಬದುಕಿಕೊಂಡಿದೆ.

'ಹಕ್ಕಿಯಿಂದ ನಮಗೇನ್ರೀ ಲಾಭ?' ಎಂದು ಕೇಳುವವರಿಗೆ ಚೀನಾದ ಉತ್ತರವಿದೆ. ಅಲ್ಲಿನ ಶಿಂಜಿಯಾಂಗ್ ಪ್ರಾಂತ್ಯದಲ್ಲಿ ಮಿಡತೆ ಕಾಟಕ್ಕೆ ಮದ್ದಾಗಿ ಗುಲಾಬಿ ಮೈನಾ ಗೂಡು ಕಟ್ಟಲೆಂದು ಕಲ್ಲು ರಾಶಿ ಹಾಕಿ, ಗೋಡೆ ಕಟ್ಟಿ ಕೊಟ್ಟಿದ್ದಾರೆ. ಅಲ್ಲಿ ದುಡ್ಡು ಸುರಿದು ಕರೆಯುವ ಹಕ್ಕಿ ಇಲ್ಲಿಗೆ ಕರೆಯದೇ ಬರುತ್ತದೆ.

ನೋಡಲು ಹೋಗುವವರು ಬೆಳಿಗ್ಗೆ ಎಂಟರೊಳಗೆ ಹೋಗಲಿ. ಹೊಲದ ಬದುವಿನಲ್ಲೇ ನಿಲ್ಲಲಿ. ಹುಲ್ಲಿನೊಳಗೆ ಬೈಕು ನುಗ್ಗಿಸಿದರೆ ನೆಲದ ಗೂಡು ಚಕ್ರಕ್ಕೆ ಸಿಕ್ಕೀತು. ಬೀಡಿ ತುಂಡು ಎಸೆದರೆ ಒಣಹುಲ್ಲು ಕ್ಷಣದಲ್ಲಿ ಬೂದಿ.

ಈಗ ಹೊರಟವು ಮಳೆಗಾಲದಿಂದಾಚೆ ಮತ್ತೆ ಬರುತ್ತವೆ. ಆಗ ಇಳಿಯಲು ಕಾವಲಿರುತ್ತದೋ, ಲೇಔಟಿನ ಕಲ್ಲಿರುತ್ತದೋ?