ಒಂದೇ ವೇಳೆಗೆ ಎರಡು ಕೆಲಸ

ಹುಮನಾಬಾದಿನ ಸಮೀಪದ ಜಲಸಂಗಿಯ ದೇವಾಲಯದಲ್ಲಿ, ಚಾಳುಕ್ಯ ವಿಕ್ರಮಾದಿತ್ಯನನ್ನು ಪ್ರಶಂಸಿಸುವ ಶಾಸನವನ್ನು ಬರೆಯುತ್ತಿರುವ ಶಿಲಾಬಾಲಿಕೆಯೊಬ್ಬಳ ವಿಗ್ರಹವಿದೆ. ಸುಮಾರು ಒಂಬೈನೂರು ವರ್ಷಗಳಿಂದ ಅವಳ ಗಮನವು ಆ ಅಕ್ಷರಗಳನ್ನು ಬಿಟ್ಟು ಅತ್ತಿತ್ತ ಸರಿದಿಲ್ಲ. ಬಸವಕಲ್ಯಾಣದ ಮಗ್ಗುಲಿನ ನಾರಾಯಣಪುರದಲ್ಲಿಯೂ ಚಾಳುಕ್ಯರ ಕಾಲದ ಶಿವಾಲಯವುಂಟು. ಆದರೆ ಅಂತಹ ಊರಿನಲ್ಲಿ ಇಂದು ಓದಲು ಕುಳಿತ ವಿದ್ಯಾರ್ಥಿಯ ಸ್ಥಿತಿಯೇ ಬೇರೆ. ಎದುರಿಗೆ ಬೀಜಗಣಿತ, ಪಕ್ಕದಲ್ಲಿ ಮೊಬೈಲು, ಐದು ನಿಮಿಷಕ್ಕೊಮ್ಮೆ ಸ್ನೇಹಿತರ ಸಂದೇಶ. ಒಂದೇ ವೇಳೆಗೆ ಎರಡು ಕೆಲಸ ಸಾಗುತ್ತಿದೆಯೆಂದು ಅವನ ಹೆಮ್ಮೆ. ಈ ಹೆಮ್ಮೆ ಎಷ್ಟರಮಟ್ಟಿಗೆ ನಿಜವೆಂಬುದನ್ನು ಪರೀಕ್ಷಿಸೋಣ.

ಒಂದು ಸುಲಭ ಪ್ರಯೋಗ

ಕಾಗದ, ಪೆನ್ಸಿಲು ಮತ್ತು ಗಡಿಯಾರವನ್ನು ತೆಗೆದುಕೊಳ್ಳಿರಿ. ‘ನಾರಾಯಣಪುರ ಬಸವಕಲ್ಯಾಣ’ ಎಂದು ಒಂದು ಸಾಲಿನಲ್ಲಿ ಬರೆಯಿರಿ; ಇದರಲ್ಲಿ 12 ಅಕ್ಷರಗಳಿವೆ. ಅದರ ಕೆಳಗೆ 1ರಿಂದ 12ರವರೆಗೆ ಸಂಖ್ಯೆಗಳನ್ನು ಬರೆಯಿರಿ. ಎಷ್ಟು ಸೆಕೆಂಡುಗಳಾದುವೆಂಬುದನ್ನು ಗುರುತಿಸಿಕೊಳ್ಳಿರಿ. ಈಗ ಅದನ್ನೇ ಬೇರೆ ಕ್ರಮದಲ್ಲಿ ಮಾಡಿರಿ: ಮೇಲೆ ‘ನಾ’, ಕೆಳಗೆ 1; ಮೇಲೆ ‘ರಾ’, ಕೆಳಗೆ 2; ಹೀಗೆಯೇ ಕೊನೆಯವರೆಗೆ.

ಬರೆದುದು ಎರಡು ಸಲವೂ ಅಷ್ಟೇ. ಆದರೂ ಎರಡನೆಯ ಸಲ ಹೆಚ್ಚು ಕಾಲ ಹಿಡಿಯುವುದು; ನಡುವೆ ಪೆನ್ಸಿಲು ತಡೆದು ನಿಲ್ಲುವುದು; ಒಂದೆರಡು ತಪ್ಪುಗಳೂ ಆಗಬಹುದು. ಈ ಹೆಚ್ಚಿನ ಕಾಲ ಎಲ್ಲಿ ಹೋಯಿತು? ಪ್ರತಿ ಸಲವೂ ‘ನಾನು ಎಲ್ಲಿದ್ದೆ?’ ಎಂದು ಮನಸ್ಸು ತನ್ನನ್ನೇ ಕೇಳಿಕೊಳ್ಳುವುದರಲ್ಲಿ ಹೋಯಿತು.

ಅಮೆರಿಕದ ಮನಶ್ಶಾಸ್ತ್ರಜ್ಞ ಆರ್ಥರ್ ಜೆರ್ಸಿಲ್ಡ್ 1927ರಲ್ಲಿಯೇ ಇದನ್ನು ಅಳೆದು ನೋಡಿದನು. ಸಂಖ್ಯೆಗಳ ಪಟ್ಟಿಯಲ್ಲಿ ಕೂಡುವುದನ್ನೂ ಕಳೆಯುವುದನ್ನೂ ಒಂದಾದ ಮೇಲೊಂದರಂತೆ ಮಾಡಿದವರಿಗೆ, ಪಟ್ಟಿಯುದ್ದಕ್ಕೂ ಒಂದನ್ನೇ ಮಾಡಿದಾಗ ಬೇಕಾದುದಕ್ಕಿಂತ ಹೆಚ್ಚು ಕಾಲ ಬೇಕಾಯಿತು. ಗಮನವನ್ನು ಬೇಡುವ ಎರಡು ಕೆಲಸಗಳನ್ನು ಮನಸ್ಸು ಸಾಮಾನ್ಯವಾಗಿ ಏಕಕಾಲಕ್ಕೆ ಮಾಡುವುದಿಲ್ಲ. ಒಂದರಿಂದ ಇನ್ನೊಂದಕ್ಕೆ ಹಾರುತ್ತಿರುತ್ತದೆ. ಪ್ರತಿಯೊಂದು ಹಾರಾಟಕ್ಕೂ ಸುಂಕ ತೆರಬೇಕು.

ಹಾಗಾದರೆ ನಡೆಯುತ್ತ ಮಾತನಾಡುವುದಿಲ್ಲವೆ? ಹೌದು. ನಡಿಗೆ ಅಭ್ಯಾಸದಿಂದ ತಾನಾಗಿಯೇ ಸಾಗುವುದರಿಂದ ಗಮನವನ್ನು ಹೆಚ್ಚಾಗಿ ಬೇಡುವುದಿಲ್ಲ. ವಾಹನ ನಡೆಸುವುದು ಹಾಗಲ್ಲ. ಯೂಟಾ ವಿಶ್ವವಿದ್ಯಾನಿಲಯದ ಸ್ಟ್ರೇಯರ್ ಮತ್ತು ಜಾನ್‌ಸ್ಟನ್ 2001ರಲ್ಲಿ ಪ್ರಕಟಿಸಿದ ಪ್ರಯೋಗಗಳಲ್ಲಿ, ಫೋನಿನಲ್ಲಿ ಸಂಭಾಷಿಸುತ್ತಿದ್ದವರು ಸಂಕೇತದೀಪಗಳನ್ನು ಹೆಚ್ಚಾಗಿ ಗಮನಿಸದೆ ಹೋದರು. ಫೋನು ಕೈಯಲ್ಲಿರಲಿ, ಇಲ್ಲದಿರಲಿ, ಫಲ ಒಂದೇ. ತೊಡಕು ಕೈಯಲ್ಲಿರಲಿಲ್ಲ, ಮನಸ್ಸಿನಲ್ಲಿತ್ತು.

ಅವಧಾನಿಗಳ ಸಾಕ್ಷ್ಯ

‘ಅಷ್ಟಾವಧಾನಿಗಳು ಎಂಟು ಕೆಲಸಗಳನ್ನು ಒಟ್ಟಿಗೆ ಮಾಡುವರಲ್ಲ!’ ಎಂದು ವಾಚಕರು ಆಕ್ಷೇಪಿಸಬಹುದು. ಶತಾವಧಾನಿ ಆರ್. ಗಣೇಶರು 2012ರಲ್ಲಿ ಬೆಂಗಳೂರಿನಲ್ಲಿ ಕನ್ನಡದಲ್ಲಿಯೇ ಶತಾವಧಾನವನ್ನು ನಡೆಸಿದುದು ಪ್ರಸಿದ್ಧವಾಗಿದೆ. ಆದರೆ ಅಷ್ಟಾವಧಾನದ ಕ್ರಮವನ್ನು ಸೂಕ್ಷ್ಮವಾಗಿ ಗಮನಿಸಿರಿ. ಪದ್ಯದ ಪ್ರಶ್ನೆಗಳನ್ನೊಡ್ಡುವ ಪೃಚ್ಛಕರಲ್ಲಿ ಒಬ್ಬೊಬ್ಬರಿಗೂ ಒಂದು ಸುತ್ತಿನಲ್ಲಿ ಪದ್ಯದ ಒಂದೇ ಪಾದ. ನಾಲ್ಕು ಸುತ್ತುಗಳಲ್ಲಿ ಪದ್ಯ ಪೂರ್ಣ. ಆಯಾ ಕ್ಷಣದಲ್ಲಿ ಅವಧಾನಿಯ ಎದುರಿಗಿರುವುದು ಒಂದೇ ಪಾದ. ಬಿಟ್ಟು ಹೋಗುವುದೂ ಪಾದದ ಅಂತ್ಯದಲ್ಲಿಯೇ. ಛಂದಸ್ಸೇ ಅವನ ನೆನಪಿಗೆ ಗೂಟ. ಮರಳಿ ಬಂದಾಗ ‘ಎಲ್ಲಿದ್ದೆ?’ ಎಂದು ಹುಡುಕಬೇಕಾಗಿಲ್ಲ. ಅಪ್ರಸ್ತುತಪ್ರಸಂಗಿಯೆಂಬ ಪೃಚ್ಛಕನ ಕೆಲಸವಂತೂ ನಡುನಡುವೆ ಬಾಯಿ ಹಾಕಿ ಗಮನವನ್ನು ಕದಡುವುದು. ಅಡ್ಡಮಾತನ್ನೇ ಒಂದು ಪ್ರತ್ಯೇಕ ಪರೀಕ್ಷೆಯಾಗಿ ಇರಿಸಿದ ಹಿರಿಯರು ಅದರ ಭಾರವನ್ನು ಅರಿತಿದ್ದರು. ‘ಅವಧಾನ’ವೆಂದರೆ ಗಮನವೆಂದೇ ಅರ್ಥವಷ್ಟೆ?

ನಷ್ಟವನ್ನು ತಗ್ಗಿಸುವ ಬಗೆ

ನಾವು ಅವಧಾನಿಗಳಲ್ಲದಿದ್ದರೂ ಅವರ ಕ್ರಮದಿಂದ ಕಲಿಯಬಹುದು. ಮೊದಲನೆಯದಾಗಿ, ಪಾದದ ನಡುವೆ ನಿಲ್ಲಬಾರದು. ಲೆಕ್ಕವೊಂದು ಮುಗಿದ ಮೇಲೆ ಏಳಿರಿ; ಹಣವೆಣಿಸುತ್ತಿರುವ ಗುಮಾಸ್ತನನ್ನು ನಡುವೆ ಮಾತನಾಡಿಸಿದರೆ ಅವನು ಮೊದಲಿನಿಂದ ಎಣಿಸಬೇಕಾಗುವುದು.

ಎರಡನೆಯದಾಗಿ, ಬಿಡುವುದು ಅನಿವಾರ್ಯವಾದರೆ ಗುರುತಿಟ್ಟು ಬಿಡಿರಿ. ಅಪೂರ್ಣವಾಗಿ ಬಿಟ್ಟ ಕೆಲಸದ ಚಿಂತೆಯು ಮುಂದಿನ ಕೆಲಸದಲ್ಲಿಯೂ ಶೇಷವಾಗಿ ಉಳಿಯುವುದೆಂದು ಸೋಫಿ ಲೆರಾಯ್ 2009ರಲ್ಲಿ ತೋರಿಸಿದರು. ಎಲ್ಲಿಗೆ ಬಂದಿದ್ದೇವೆ, ಮುಂದೇನು ಮಾಡಬೇಕು ಎಂಬುದನ್ನು ಒಂದು ನಿಮಿಷದಲ್ಲಿ ಬರೆದಿಟ್ಟರೆ ಆ ಶೇಷವು ಕಡಮೆಯಾಗುವುದೆಂದು ಆಕೆಯೂ ಥೆರೇಸಾ ಗ್ಲಾಂಬರೂ 2018ರಲ್ಲಿ ಕಂಡುಕೊಂಡರು.

ಮೂರನೆಯದಾಗಿ, ಸಣ್ಣಪುಟ್ಟ ಕೆಲಸಗಳನ್ನು ಒಟ್ಟುಗೂಡಿಸಿರಿ. ಹತ್ತು ಸಂದೇಶಗಳಿಗೆ ಹತ್ತು ಸಲ ಉತ್ತರಿಸಿದರೆ ಹತ್ತು ಸಲ ಸುಂಕ. ಸಂಜೆ ಒಮ್ಮೆಗೇ ಉತ್ತರಿಸಿದರೆ ಒಂದೇ ಸಲ. ಅದುವರೆಗೆ ಮೊಬೈಲನ್ನು ಬೇರೆ ಕೋಣೆಯಲ್ಲಿಡುವುದು ಲೇಸು. ಇಂತಹ ಅಡ್ಡಮಾತನ್ನು ಅವಧಾನಿಯು ಪರೀಕ್ಷೆಗಾಗಿ ಸಭೆಗೆ ಕರೆಸಿಕೊಳ್ಳುತ್ತಾನೆ. ವಿದ್ಯಾರ್ಥಿಯು ಅದನ್ನು ಓದುವ ಮೇಜಿನ ಬಳಿಗೆ ಕರೆಸಿಕೊಳ್ಳಬೇಕಾದ ಕಾರಣವಿಲ್ಲ.

ನಾಳೆ ಓದಲು ಕುಳಿತಾಗ ಒಂದು ಗಂಟೆಯ ಕಾಲ ಇದನ್ನು ಪ್ರಯೋಗಿಸಿ ನೋಡಿರಿ. ಎಷ್ಟು ಲೆಕ್ಕಗಳು ಮುಗಿದುವೆಂಬುದನ್ನು ಎಣಿಸಿ, ಹಿಂದಿನ ದಿನದ ಎಣಿಕೆಯೊಡನೆ ಹೋಲಿಸಿರಿ. ಉತ್ತರವನ್ನು ನಿಮ್ಮ ನೋಟುಪುಸ್ತಕವೇ ಹೇಳುವುದು.