ಉಂಗುರ ಮತ್ತು ಓಲಗ

‘ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು’ ಎಂಬ ಗಾದೆಯನ್ನು ಮೊದಲು ಆಡಿದವರು ಎರಡನ್ನೂ ಮಾಡಿ ಬಳಲಿದವರೇ ಇರಬೇಕು. ಛತ್ರ, ಅಡಿಗೆ, ಜವಳಿ, ಲಗ್ನಪತ್ರಿಕೆ ಇವುಗಳ ವಿಚಾರದಲ್ಲಿ ಮನೆಯ ಹಿರಿಯರೆಲ್ಲ ಕುಳಿತು ವಾರಗಟ್ಟಲೆ ಆಲೋಚಿಸುತ್ತಾರೆ. ಆದರೆ ಉಂಗುರವನ್ನೂ ಓಲಗವನ್ನೂ ಎಷ್ಟೋ ಮನೆಗಳಲ್ಲಿ ಕಡೆಯ ವಾರದ ಗಡಿಬಿಡಿಯಲ್ಲಿ ಗೊತ್ತುಮಾಡುವುದುಂಟು. ಒಂದು ಬಾಳಿನುದ್ದಕ್ಕೂ ಬೆರಳಿನಲ್ಲಿ ಇರತಕ್ಕದ್ದು. ಇನ್ನೊಂದು ಅರ್ಧ ದಿನದಲ್ಲಿ ನುಡಿದು ಮುಗಿಯತಕ್ಕದ್ದು. ಆದರೂ ಎರಡಕ್ಕೂ ಸಲ್ಲುವ ನಿಯಮ ಒಂದೇ. ಕೇಳಬೇಕಾದುದನ್ನು ಹಣ ಕೊಡುವ ಮೊದಲೇ ಕೇಳಬೇಕು; ಒಪ್ಪಿದುದನ್ನು ಕಾಗದದ ಮೇಲೆ ಬರೆದಿಟ್ಟುಕೊಳ್ಳಬೇಕು. ಶುಭಕಾರ್ಯದಲ್ಲಿ ಚೌಕಾಶಿ ಏಕೆಂದು ಸಂಕೋಚಪಟ್ಟು ಸುಮ್ಮನಿದ್ದವರೇ ಆಮೇಲೆ ಮನಸ್ತಾಪಕ್ಕೆ ಗುರಿಯಾಗುತ್ತಾರೆ.

ಚಿನ್ನದ ಒರೆ

ಮೊದಲು ಉಂಗುರದ ಮಾತು. ಅಳಿಯನಿಗೆ ಉಂಗುರ ತೊಡಿಸುವುದು, ಮದುವೆಯಾದ ಮೇಲೆ ಓಕುಳಿ ನೀರಿನಲ್ಲಿ ಉಂಗುರ ಹುಡುಕಿಸಿ ನಗುವುದು, ಇವು ನಮ್ಮಲ್ಲಿ ಹಳೆಯ ರೂಢಿಗಳು. ನಿಶ್ಚಿತಾರ್ಥದ ದಿನ ವಧೂವರರು ಉಂಗುರ ಬದಲಾಯಿಸಿಕೊಳ್ಳುವುದು ಈಚೆಗೆ ಹೆಚ್ಚು ಬಳಕೆಗೆ ಬಂದಿದೆ. ಹೀಗಾಗಿ ಒಂದು ಉಂಗುರದ ಬದಲು ಎರಡು ಮೂರನ್ನು ಕೊಳ್ಳಬೇಕಾಗಿದೆ.

ಅಪ್ಪಟ ಚಿನ್ನಕ್ಕೆ 24 ಕ್ಯಾರೆಟ್ ಎಂದು ಲೆಕ್ಕ. ಅದು ಬಹಳ ಮೆದು. ಉಂಗುರ ಮಾಡಿದರೆ ಬೇಗ ಸೊಟ್ಟಗಾಗುತ್ತದೆ, ಸವೆಯುತ್ತದೆ. ಆದಕಾರಣ ಅದಕ್ಕೆ ತಾಮ್ರವನ್ನೋ ಬೆಳ್ಳಿಯನ್ನೋ ಬೆರೆಸಿ ಗಟ್ಟಿಮಾಡುತ್ತಾರೆ. 24 ಭಾಗದಲ್ಲಿ 22 ಭಾಗ ಚಿನ್ನವಿದ್ದರೆ ಅದು 22 ಕ್ಯಾರೆಟ್. ಅಂದರೆ ಸಾವಿರಕ್ಕೆ 916 ಭಾಗ. 18 ಕ್ಯಾರೆಟ್ಟಿನಲ್ಲಿ 750 ಭಾಗ, 14 ಕ್ಯಾರೆಟ್ಟಿನಲ್ಲಿ 585 ಭಾಗ ಚಿನ್ನವಿರುತ್ತದೆ. ಕಲ್ಲಿಲ್ಲದ ಸಾದಾ ಉಂಗುರಕ್ಕೆ 22 ಕ್ಯಾರೆಟ್ ಸಾಕಷ್ಟು ಗಟ್ಟಿ. ವಜ್ರವನ್ನೋ ಬೇರೆ ಕಲ್ಲನ್ನೋ ಕೂರಿಸುವುದಾದರೆ 18 ಕ್ಯಾರೆಟ್ ಮೇಲು. ಕಲ್ಲನ್ನು ಹಿಡಿದಿರುವ ಕೊಕ್ಕೆಗಳು ಸಡಿಲವಾಗುವುದು ಕಡಿಮೆ. ಆದ್ದರಿಂದ 18 ಕ್ಯಾರೆಟ್ ಎಂದ ಕೂಡಲೆ ಮೋಸವೆಂದು ತಿಳಿಯಬೇಕಾಗಿಲ್ಲ. 18ನ್ನು 22ರ ದರಕ್ಕೆ ಮಾರಿದರೆ ಅದು ಮೋಸ.

ಹಿಂದೆ ಅಕ್ಕಸಾಲಿಗರು ಒರೆಗಲ್ಲಿಗೆ ತಿಕ್ಕಿ ಹೇಳಿದ ಮಾತೇ ಪ್ರಮಾಣವಾಗಿತ್ತು. ಈಗ ಅದಕ್ಕೆ ಸರ್ಕಾರದ ಮುದ್ರೆಯೂ ಕೂಡಿದೆ. ಭಾರತೀಯ ಮಾನಕ ಬ್ಯೂರೋ 2000ದಲ್ಲಿ ಆರಂಭಿಸಿದ ಹಾಲ್‌ಮಾರ್ಕ್ ಮುದ್ರೆಯು 2021ರ ಜೂನ್ 16ರಿಂದ 256 ಜಿಲ್ಲೆಗಳಲ್ಲಿ ಕಡ್ಡಾಯವಾಯಿತು. ಆಮೇಲೆ ಹಂತ ಹಂತವಾಗಿ ಇನ್ನಷ್ಟು ಜಿಲ್ಲೆಗಳಿಗೆ ಹಬ್ಬಿತು. ಉಂಗುರದ ಒಳಮೈಯಲ್ಲಿ ಮೂರು ಗುರುತುಗಳನ್ನು ಹುಡುಕಬೇಕು. ಮೊದಲನೆಯದು ಬ್ಯೂರೋದ ತ್ರಿಕೋನ ಚಿಹ್ನೆ. ಎರಡನೆಯದು ಶುದ್ಧತೆ, ಅಂದರೆ 22ಕೆ916 ಎಂಬಂತಹ ಬರಹ. ಮೂರನೆಯದು ಅಕ್ಷರ ಅಂಕಿಗಳು ಕೂಡಿದ ಆರು ಸ್ಥಾನಗಳ ಸಂಖ್ಯೆ. ಈ ಸಂಖ್ಯೆ ಇಲ್ಲದ ಆಭರಣವನ್ನು ಹಾಲ್‌ಮಾರ್ಕ್ ಎಂದು ಮಾರುವುದು 2023ರ ಏಪ್ರಿಲ್ 1ರಿಂದ ನಿಷಿದ್ಧ. ಅಕ್ಷರಗಳು ಬಲು ಸಣ್ಣವು. ಅಂಗಡಿಯವರಿಂದ ಭೂತಗನ್ನಡಿ ಕೇಳಿ ಪಡೆಯಿರಿ. ಬ್ಯೂರೋದ ‘ಬಿಐಎಸ್ ಕೇರ್’ ಎಂಬ ಮೊಬೈಲ್ ಆ್ಯಪಿನಲ್ಲಿ ಆ ಸಂಖ್ಯೆಯನ್ನು ಹಾಕಿದರೆ, ವಸ್ತು ಯಾವುದು, ಶುದ್ಧತೆ ಎಷ್ಟು ಎಂಬುದು ಕಾಣುತ್ತದೆ.

ಇಲ್ಲಿ ಒಂದು ವಿಷಯವನ್ನು, ಅದರಲ್ಲಿಯೂ ಹಗುರವಾದ ಉಂಗುರ ಕೊಳ್ಳುವವರು, ನೆನಪಿಡಬೇಕು. 2 ಗ್ರಾಮಿಗಿಂತ ಕಡಿಮೆ ತೂಕದ ಒಡವೆಗೆ ಈ ಮುದ್ರೆ ಕಡ್ಡಾಯವಲ್ಲ. ಕಷ್ಟಪಟ್ಟು ಹಣ ಕೂಡಿಸಿ ಒಂದೂವರೆ ಗ್ರಾಮಿನ ಉಂಗುರ ಕೊಳ್ಳುವ ಮನೆಗೇ ಕಾನೂನಿನ ಈ ರಕ್ಷಣೆ ದೊರೆಯದು. ಅಂಥವರು ಶುದ್ಧತೆ, ತೂಕ ಎರಡನ್ನೂ ರಸೀತಿಯಲ್ಲಿ ಬರೆಸಿಕೊಳ್ಳದೆ ಅಂಗಡಿಯ ಮೆಟ್ಟಿಲಿಳಿಯಬಾರದು.

ರಸೀತಿಯಲ್ಲಿ ಒಟ್ಟು ತೂಕ, ಕಲ್ಲಿನ ತೂಕ, ಕಲ್ಲು ಕಳೆದ ನಿವ್ವಳ ಚಿನ್ನ, ಆ ದಿನದ ದರ, ಕೂಲಿ, ತೆರಿಗೆ ಇವು ಬೇರೆ ಬೇರೆಯಾಗಿ ಇರಬೇಕು. ಕಲ್ಲನ್ನು ಚಿನ್ನದ ಜೊತೆ ತೂಗಿ ಚಿನ್ನದ ಬೆಲೆ ಕಟ್ಟಿದರೆ ನಷ್ಟ ನಿಮ್ಮದು. ಕಲ್ಲಿನ ಕ್ಯಾರೆಟ್ ಬೇರೆ, ಚಿನ್ನದ ಕ್ಯಾರೆಟ್ ಬೇರೆ ಎಂಬುದೂ ತಿಳಿದಿರಲಿ. ಕಲ್ಲಿಗೆ ಅದು ತೂಕ. ಒಂದು ಕ್ಯಾರೆಟ್ ಎಂದರೆ 200 ಮಿಲಿಗ್ರಾಂ. ಕೂಲಿಯನ್ನು ಶೇಕಡಾ ಲೆಕ್ಕದಲ್ಲಿ ಹೇಳಿದಾಗ ಅದನ್ನು ಚಿನ್ನಕ್ಕೆ ಪರಿವರ್ತಿಸಿ ನೋಡಿ. 5 ಗ್ರಾಮಿನ ಉಂಗುರಕ್ಕೆ ಶೇಕಡಾ 20 ಕೂಲಿಯೆಂದರೆ ಒಂದು ಗ್ರಾಂ ಚಿನ್ನದ ಬೆಲೆ. ಮುಂದೆ ಮಾರುವ ಕಾಲ ಬಂದರೆ ಆ ಒಂದು ಗ್ರಾಂ ಹಿಂದಕ್ಕೆ ಬಾರದು. ಕುಸುರಿ ಹೆಚ್ಚಿದಷ್ಟೂ ಕೂಲಿ ಹೆಚ್ಚು.

ಅಜ್ಜಿಯ ಒಡವೆಯನ್ನು ಕರಗಿಸಿ ಉಂಗುರ ಮಾಡಿಸುವವರಿಗೆ ಒಂದು ಸೂಚನೆ. 1963ರ ಜನವರಿಯಲ್ಲಿ ಬಂದ ಚಿನ್ನ ನಿಯಂತ್ರಣ ನಿಯಮಗಳ ಪ್ರಕಾರ 14 ಕ್ಯಾರೆಟ್ಟಿಗೆ ಮೀರಿದ ಒಡವೆಯನ್ನು ಹೊಸದಾಗಿ ಮಾಡುವಂತಿರಲಿಲ್ಲ; 1966ರಲ್ಲಿ ಆ ನಿರ್ಬಂಧ ತೊಲಗಿತು. ಆ ಅವಧಿಯ ಒಡವೆ ಒರೆಯಲ್ಲಿ ಕಡಿಮೆ ಬಂದರೆ ಅದು ಇಂದಿನ ಅಂಗಡಿಯವರ ಕೈಚಳಕವೂ ಅಲ್ಲ, ಅಂದಿನ ಅಕ್ಕಸಾಲಿಗರ ದೋಷವೂ ಅಲ್ಲ. ಕರಗಿಸುವ ಮೊದಲು ಪರೀಕ್ಷೆ ಮಾಡಿಸಿ, ತೂಕ ಬರೆದುಕೊಳ್ಳಿ.

ಅಳತೆಯ ವಿಚಾರ ಸಣ್ಣದೆಂದು ತೋರಿದರೂ ಮಂಟಪದಲ್ಲಿ ಮಾನ ಕಳೆಯುವುದು ಅದೇ. ಬೆರಳು ಬೆಳಗಿನ ಚಳಿಯಲ್ಲಿ ಕುಗ್ಗಿ, ಸಂಜೆಗೆ, ಸೆಕೆಗೆ ಕೊಂಚ ಊದುತ್ತದೆ. ಆದ್ದರಿಂದ ಸಂಜೆಯ ಹೊತ್ತಿನಲ್ಲಿ, ಅಂಗಡಿಯ ಅಳತೆ ಬಳೆಗಳನ್ನು ತೊಟ್ಟು ಅಳತೆ ಕೊಡಬೇಕು. ಬೆರಳಿನ ಗೆಣ್ಣನ್ನು ತುಸು ಬಿಗಿಯಾಗಿ ದಾಟಿ ಬುಡದಲ್ಲಿ ಆರಾಮವಾಗಿ ಕೂರುವುದೇ ಸರಿಯಾದ ಅಳತೆ. ನವರತ್ನದ ಉಂಗುರದಂತೆ ಸುತ್ತಲೂ ಕಲ್ಲು ಕೂರಿಸಿದವನ್ನು ಆಮೇಲೆ ಹಿಗ್ಗಿಸುವುದು ಕಷ್ಟ. ಬೀಗರಿಗೆ ಅಚ್ಚರಿಯಾಗಲೆಂದು ಅಳತೆ ಕೇಳದೆ ಮಾಡಿಸಿ, ಕೊನೆಗೆ ಸಾಬೂನು ಹಚ್ಚಿ ಉಂಗುರ ತೂರಿಸುವ ಪ್ರಸಂಗ ಯಾರಿಗೂ ಬೇಡ.

ಓಲಗದವರೊಡನೆ ಮಾತು

ಚಿನ್ನಕ್ಕೆ ಮುದ್ರೆಯುಂಟು, ವಾದ್ಯಗಾರರನ್ನು ಕೇಳಿಯೇ ತಿಳಿಯಬೇಕು. ಆಕಾಶವಾಣಿಯು ಧ್ವನಿಪರೀಕ್ಷೆ ನಡೆಸಿ ಕಲಾವಿದರಿಗೆ ಬಿ, ಬಿ-ಹೈ, ಎ, ಟಾಪ್ ಎಂಬ ಶ್ರೇಣಿಗಳನ್ನು ಕೊಡುತ್ತದೆ. ಅದು ಒಂದು ಆಧಾರ. ಆದರೆ ಶ್ರೇಣಿಯಿಲ್ಲದವರೆಲ್ಲ ಕಡಿಮೆಯವರೆಂದಲ್ಲ. ನಿಮ್ಮ ಊರಿನ ದೇವಸ್ಥಾನದ ಉತ್ಸವದಲ್ಲಿ ನುಡಿಸುವವರನ್ನು ಒಂದು ಸಂಜೆ ನಿಂತು ಕೇಳಿ. ನೆಂಟರ ಮದುವೆಯಲ್ಲಿ ಮೆಚ್ಚಿದವರ ಹೆಸರು ಬರೆದಿಟ್ಟುಕೊಳ್ಳಿ. ಹಳೆಯ ಮೈಸೂರಿನ ಕಡೆ ನಾಗಸ್ವರ ಡೋಲು, ಉತ್ತರದ ಜಿಲ್ಲೆಗಳಲ್ಲಿ ಶಹನಾಯಿ ಎಂದು ಆಯಾ ಸೀಮೆಗೆ ಒಗ್ಗಿದ ಮಂಗಳವಾದ್ಯವಿದೆ. ಹೆಣ್ಣಿನವರದು ಒಂದು ಸೀಮೆ, ಗಂಡಿನವರದು ಇನ್ನೊಂದಾದರೆ ಯಾವುದೆಂದು ಮೊದಲೇ ಮಾತಾಡಿಕೊಳ್ಳುವುದು ಲೇಸು.

ಮುಹೂರ್ತಗಳು ಕೆಲವೇ ದಿನಗಳಲ್ಲಿ ಒತ್ತಾಗಿ ಬರುತ್ತವೆ. ಒಂದೇ ದಿನ ಎರಡು ಮದುವೆ ಒಪ್ಪಿಕೊಂಡು ಮುಖ್ಯರು ಅಲ್ಲಿ, ಶಿಷ್ಯರು ಇಲ್ಲಿ ಆಗುವುದುಂಟು. ಆದ್ದರಿಂದ ಮುಂಗಡ ಕೊಡುವಾಗ ಒಂದು ಹಾಳೆಯಲ್ಲಿ ಇಷ್ಟನ್ನು ಬರೆಯಿರಿ: ಬರುವವರು ಎಷ್ಟು ಜನ, ಮುಖ್ಯವಾಗಿ ನುಡಿಸುವವರು ಯಾರು, ಎಷ್ಟು ಹೊತ್ತಿಗೆ ಬರಬೇಕು, ಹಿಂದಿನ ಸಂಜೆಯ ವರಪೂಜೆ, ಬೆಳಗಿನ ಕಾಶೀಯಾತ್ರೆ, ಧಾರೆ, ಸಂಜೆಯ ಆರತಕ್ಷತೆ ಇವುಗಳಲ್ಲಿ ಯಾವುದಕ್ಕೆ ನುಡಿಸಬೇಕು, ಪ್ರಯಾಣದ ಖರ್ಚು ಯಾರದು, ಬಾಕಿ ಹಣ ಕೊಡುವವರು ಯಾರು. ಮಾಂಗಲ್ಯಧಾರಣೆಯ ಕ್ಷಣದಲ್ಲಿ ಗಟ್ಟಿಮೇಳಕ್ಕೆ ಪುರೋಹಿತರು ಕೈಯೆತ್ತಿದುದು ಛಾಯಾಗ್ರಾಹಕರ ಗುಂಪಿನ ಹಿಂದೆ ಓಲಗದವರಿಗೆ ಕಾಣದೆ ಹೋಗಬಹುದು. ಅವರನ್ನು ಮಂಟಪ ಕಾಣುವ ಕಡೆ ಕೂರಿಸಿ.

ನಾನು ಕಂಡ ಒಂದು ಮದುವೆಯಲ್ಲಿ ನಾಗಸ್ವರದ ಹಿರಿಯರು ಬೆಳಗಿನ ಐದು ಗಂಟೆಯಿಂದ ಊದಿದ್ದರು. ಮಧ್ಯಾಹ್ನ ಮೂರಾದರೂ ಊಟಕ್ಕೆ ಕರೆದವರಿಲ್ಲ. ಹೆಣ್ಣಿನವರು ಗಂಡಿನವರು ನೋಡಿಕೊಳ್ಳುತ್ತಾರೆಂದುಕೊಂಡರು. ಗಂಡಿನವರು ಹೆಣ್ಣಿನವರ ಕೆಲಸವೆಂದುಕೊಂಡರು. ಆ ಹಿರಿಯರು ಯಾರನ್ನೂ ಬೈಯಲಿಲ್ಲ. ವಾದ್ಯವನ್ನು ಬಟ್ಟೆಯಲ್ಲಿ ಸುತ್ತಿ, “ನೀರು ಎಲ್ಲಿದೆ, ಸ್ವಾಮಿ?” ಎಂದಷ್ಟೇ ಕೇಳಿದರು. ಉಸಿರಿನಿಂದ ದುಡಿಯುವವರಿಗೆ ಹೊತ್ತಿಗೆ ಸರಿಯಾಗಿ ಆಹಾರ ಬೇಕು. ಓಲಗದವರ ತಿಂಡಿ, ಊಟ, ವಿಶ್ರಾಂತಿಗೆ ಮನೆಯ ಒಬ್ಬರನ್ನು ಹೆಸರು ಹಿಡಿದು ನೇಮಿಸಿ. ಅದನ್ನೂ ಆ ಹಾಳೆಯಲ್ಲಿ ಬರೆಯಿರಿ.

ಆರತಕ್ಷತೆಗೆ ಕಚೇರಿಯೋ ವಾದ್ಯವೃಂದವೋ ಎಂಬುದು ನಿಮ್ಮ ಅಭಿರುಚಿ. ನೆಂಟರು ವರ್ಷಗಳ ಮೇಲೆ ಭೇಟಿಯಾಗಿ ಮಾತಾಡುವ ಹೊತ್ತು ಅದು. ವೀಣೆ, ಕೊಳಲು, ಪಿಟೀಲು ಆ ಮಾತಿನ ಜೊತೆಗೆ ಹೊಂದುತ್ತವೆ. ದೊಡ್ಡ ಗಾಯಕರನ್ನು ಕರೆಸಿ ಯಾರೂ ಕೇಳದಿದ್ದರೆ ಹಣವೂ ವ್ಯರ್ಥ, ವಿದ್ವಾಂಸರಿಗೂ ಅಗೌರವ. ಧ್ವನಿವರ್ಧಕದ ಪೆಟ್ಟಿಗೆಗಳನ್ನು ವೃದ್ಧರೂ ಕೂಸುಗಳೂ ಕುಳಿತ ಕಡೆಗೆ ತಿರುಗಿಸಬೇಡಿ. 2000ದ ಶಬ್ದಮಾಲಿನ್ಯ ನಿಯಮಗಳಂತೆ ಧ್ವನಿವರ್ಧಕಕ್ಕೆ ಅನುಮತಿ ಬೇಕು. ರಾತ್ರಿ 10ರಿಂದ ಬೆಳಗಿನ 6ರವರೆಗೆ ಬಯಲಿನಲ್ಲಿ ಅದನ್ನು ಬಳಸುವಂತಿಲ್ಲ. ಮುದ್ರಿತ ಹಾಡು ಹಾಕಿದುದಕ್ಕೆ ಶುಲ್ಕ ಕೊಡಿ ಎಂದು ಯಾರಾದರೂ ಕೇಳಿದರೆ ಹೆದರಬೇಕಾಗಿಲ್ಲ. 1957ರ ಕೃತಿಸ್ವಾಮ್ಯ ಕಾಯಿದೆಯ 52ನೆಯ ಪ್ರಕರಣವು ಮದುವೆಯ ಮೆರವಣಿಗೆ ಮತ್ತು ಅದರೊಡನೆ ಕೂಡಿದ ಸಮಾರಂಭಗಳಿಗೆ ವಿನಾಯಿತಿ ಕೊಟ್ಟಿದೆ.

ಹೀಗೆ ಮದುವೆಯ ಕಡತದಲ್ಲಿ ಎರಡು ಕಾಗದಗಳು ಇರಲಿ: ಒಂದು ಚಿನ್ನದ ರಸೀತಿ, ಇನ್ನೊಂದು ಓಲಗದ ಒಪ್ಪಂದದ ಹಾಳೆ. ಸಾಲಮಾಡಿ ಭಾರದ ಉಂಗುರ ತೊಡಿಸುವುದಕ್ಕಿಂತ ಕೈಗೆಟಕುವ ಬೆಲೆಗೆ ಒರೆಯಲ್ಲಿ ಸೋಲದ ಉಂಗುರ ತೊಡಿಸುವುದು ಮೇಲು. ಹತ್ತು ಬಗೆಯ ಮನರಂಜನೆಗಿಂತ ಮುಹೂರ್ತಕ್ಕೆ ಸರಿಯಾಗಿ ನುಡಿದ ಒಂದು ಓಲಗ ಮೇಲು. ಕಡೆಯದಾಗಿ, ಓಲಗದವರನ್ನು ಬೀಳ್ಕೊಡುವಾಗ ಸಂಭಾವನೆಯನ್ನು ತಾಂಬೂಲದಲ್ಲಿಟ್ಟು ಕೊಡಿ. ನಿಮ್ಮ ಮನೆಯ ಮುಂದಿನ ಶುಭಕಾರ್ಯಕ್ಕೆ ಅವರು ಸಂತೋಷದಿಂದ ಬಂದಾರು.