ಸದ್ದಿಲ್ಲದ ಉಗ್ರಾಣ

ಹಳೆಯ ಲ್ಯಾಪ್‌ಟಾಪುಗಳ ಒಡಲಿನಲ್ಲಿ ಒಂದು ತಟ್ಟೆ ತಿರುಗುತ್ತಿತ್ತು. ಆಯುಸ್ಸು ಮುಗಿಯುವ ಮುನ್ನ ಅದು ಕಟಕಟನೆ ನರಳಿ ಮನೆಯವರನ್ನು ಎಚ್ಚರಿಸುತ್ತಿದ್ದುದೂ ಉಂಟು. ಇಂದು ಆ ಸ್ಥಾನಕ್ಕೆ ಬಂದಿರುವ ಸಾಲಿಡ್ ಸ್ಟೇಟ್ ಡ್ರೈವ್, ಅಂದರೆ ಎಸ್‌ಎಸ್‌ಡಿ, ಮೌನವ್ರತಧಾರಿ. ಮಗಳ ಮದುವೆಯ ಛಾಯಾಚಿತ್ರಗಳನ್ನೂ ಮಗನ ಪ್ರಬಂಧವನ್ನೂ ಹೊತ್ತ ಈ ಪುಟ್ಟ ಹಲಗೆ ಒಂದು ಬೆಳಗ್ಗೆ ಯಾವ ಸೂಚನೆಯನ್ನೂ ಕೊಡದೆ ನಿಂತುಬಿಡಬಹುದು.

ಇದರೊಳಗಿರುವುದು ಫ್ಲ್ಯಾಶ್ ಮೆಮೊರಿ. 1980ರ ದಶಕದಲ್ಲಿ ಜಪಾನಿನ ತೋಷಿಬಾ ಸಂಸ್ಥೆಯಲ್ಲಿ ಫುಜಿಯೊ ಮಸುವೊಕ ಎಂಬ ಇಂಜಿನಿಯರು ಇದನ್ನು ರೂಪಿಸಿದರು. ಇದರ ಸ್ವಭಾವ ವಿಚಿತ್ರವಾದುದು. ಬರೆಯುವುದು ಪುಟಪುಟವಾಗಿ, ಅಳಿಸುವುದಾದರೋ ನೂರಾರು ಪುಟಗಳ ಕಟ್ಟನ್ನೇ ಒಮ್ಮೆಗೆ! ಒಂದೊಂದು ಅಳಿಸುವಿಕೆಗೂ ಕೋಶಗಳು ತುಸುತುಸುವೇ ಸವೆಯುತ್ತವೆ. ಸವೆತವು ಒಂದೆಡೆಯೇ ಬೀಳದಂತೆ ಒಳಗಿನ ನಿಯಂತ್ರಕವು ಬರವಣಿಗೆಯನ್ನು ಎಲ್ಲೆಡೆಗೂ ಹಂಚುತ್ತಿರುತ್ತದೆ.

ತೊಡಕು ಇರುವುದು ಇಲ್ಲಿಯೇ. ಕಡತವೊಂದನ್ನು ಅಳಿಸಿದಾಗ ಲಿನಕ್ಸ್ ತನ್ನ ಲೆಕ್ಕದ ಪುಸ್ತಕದಲ್ಲಿ ಮಾತ್ರ ಅದನ್ನು ಹೊಡೆದುಹಾಕುತ್ತದೆ. ಡ್ರೈವಿಗೆ ಆ ಸುದ್ದಿಯೇ ತಿಳಿಯದು. ಬೇಡವಾದ ಪುಟಗಳನ್ನೂ ಅದು ಜೋಪಾನವಾಗಿ ಅತ್ತಿತ್ತ ಸಾಗಿಸುತ್ತ ವೃಥಾ ದಣಿಯುತ್ತದೆ. ಆ ಸುದ್ದಿಯನ್ನು ಮುಟ್ಟಿಸುವ ಆಜ್ಞೆಯೇ ಟ್ರಿಮ್. 1991ರಲ್ಲಿ ಲಿನಸ್ ಟೋರ್ವಾಲ್ಡ್ಸ್ ಹೆಲ್ಸಿಂಕಿಯಲ್ಲಿ ಆರಂಭಿಸಿದ ಲಿನಕ್ಸಿಗೆ ಈ ವಿದ್ಯೆ ಕೈಗೂಡಿದ್ದು 2010ರ ಸುಮಾರಿಗೆ. ಉಬುಂಟುವಿನಲ್ಲಿ ಎಫ್‌ಎಸ್‌ಟ್ರಿಮ್ ಎಂಬ ಪರಿಚಾರಕ ವಾರಕ್ಕೊಮ್ಮೆ ತಾನಾಗಿಯೇ ಈ ಕೆಲಸವನ್ನು ಮುಗಿಸುತ್ತದೆ. ಬೇರೆ ಕೆಲವು ವ್ಯವಸ್ಥೆಗಳಲ್ಲಿ ಒಡೆಯನೇ ಅದನ್ನು ನೇಮಿಸಿಕೊಳ್ಳಬೇಕು. ಡ್ರೈವಿಗೆ ಗೂಢಲಿಪಿಯ ಬೀಗ ಹಾಕಿದ್ದರಂತೂ ಪ್ರತ್ಯೇಕ ಅನುಮತಿ ಬೇಕಾದೀತು. ಎಲ್ಲೆಲ್ಲಿ ಬರಿದಾಗಿದೆ ಎಂಬ ಗುಟ್ಟು ಹೊರಬೀಳಬಾರದೆಂಬ ಎಚ್ಚರಿಕೆ ಅದು.

ಇದಕ್ಕೊಂದು ಬೆಲೆಯೂ ಉಂಟು. ಟ್ರಿಮ್ ನಡೆದ ಮೇಲೆ, ಕೈತಪ್ಪಿ ಅಳಿಸಿದ ಚಿತ್ರಗಳು ಮರಳಿ ದೊರೆಯುವ ಆಸೆ ಬಹುಮಟ್ಟಿಗೆ ಇಲ್ಲ. ತಿರುಗುವ ತಟ್ಟೆಯ ಕಾಲದಲ್ಲಿ ಬಲ್ಲವರ ಬಳಿಗೆ ಒಯ್ದರೆ ಏನಾದರೂ ಸಿಕ್ಕುತ್ತಿತ್ತು.

ಚದುರಿದ ಕಡತಗಳನ್ನು ಒಟ್ಟುಗೂಡಿಸುವ ಹಳೆಯ ಡಿಫ್ರಾಗ್ ಪದ್ಧತಿ ಇಲ್ಲಿ ಬರಿಯ ಸವೆತಕ್ಕೆ ದಾರಿ. ಸ್ವಲ್ಪ ಜಾಗವನ್ನು ಬರಿದಾಗಿ ಬಿಟ್ಟರೆ ನಿಯಂತ್ರಕಕ್ಕೆ ಉಸಿರಾಡಲು ಎಡೆ. ಸ್ಮಾರ್ಟ್‌ಸಿಟಿಎಲ್ ಎಂಬ ಉಪಕರಣವನ್ನು ಕೇಳಿದರೆ, ಆಯುಸ್ಸಿನಲ್ಲಿ ಶೇಕಡ ಎಷ್ಟು ಕಳೆದಿದೆ ಎಂಬ ಅಂದಾಜನ್ನು ಹೇಳುತ್ತದೆ. ಅದು ನೂರನ್ನು ದಾಟಿದ ಮೇಲೂ ದುಡಿಯುವ ಡ್ರೈವುಗಳುಂಟು. ಹತ್ತನ್ನು ಮುಟ್ಟುವ ಮುನ್ನವೇ ನಿಯಂತ್ರಕ ಕೆಟ್ಟು ಮಡಿಯುವುವೂ ಉಂಟು. ಆದುದರಿಂದ ಪ್ರತಿಯೊಂದು ಬೇರೆಡೆ ಇರಲೇಬೇಕು. ಪೆಟ್ಟಿಗೆಯಲ್ಲಿ ವರ್ಷಗಟ್ಟಲೆ ಮುಚ್ಚಿಡುವ ಪ್ರತಿಗೆ ಮಾತ್ರ ಎಸ್‌ಎಸ್‌ಡಿ ತಕ್ಕುದಲ್ಲ. ವಿದ್ಯುತ್ತಿನ ಸಂಪರ್ಕವಿಲ್ಲದೆ ಬಹುಕಾಲ ಇದ್ದರೆ ಕೋಶಗಳಲ್ಲಿ ಕೂಡಿಟ್ಟ ವಿದ್ಯುದಂಶ ಮೆಲ್ಲಮೆಲ್ಲನೆ ಸೋರಿಹೋಗುತ್ತದೆ. ಆ ಕೆಲಸಕ್ಕೆ ಹಳೆಯ ತಿರುಗುವ ತಟ್ಟೆಯೇ ಇಂದಿಗೂ ಲೇಸು.